ನನ್ನ ಹಿಮ್ಮಡಿ, ಅಪ್ಪಯ್ಯನ ಹೆಬ್ಬೆರಳು

ಲಂಡನ್
ಫೆಬ್ರುವರಿ 2026

ತೀರ್ಥರೂಪು ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ಮೈತ್ರಿಯ ನಮಸ್ಕಾರಗಳು. ಇತ್ತ ನಾನು ಕ್ಷೇಮ.

ಪತ್ರ ಮೊನ್ನೆ ಕೈಸೇರಿತು. ಫೋನಿನಲ್ಲಿ "ಹೂಂ, ಹೂಂ, ಅಮ್ಮನಿಗೆ ಕೊಡುತ್ತೇನೆ" ಎಂದಷ್ಟೇ ಹೇಳುವ ನೀವು ಎರಡು ಹಾಳೆ ತುಂಬ ಬರೆದಿದ್ದೀರಿ ಎಂದರೆ ಸಿಟ್ಟು ಎಷ್ಟಿರಬೇಕು ಎಂದು ಲಕೋಟೆ ಒಡೆಯುವಾಗಲೇ ಅಂದಾಜಾಯಿತು. ದತ್ತಿಗಾಗಿ ಲಂಡನ್ ಮ್ಯಾರಥಾನ್ ಓಡಲು ಹೊರಟು ಕಾಲು ಮುರಿದುಕೊಂಡೆ ಎಂಬುದೇ ನಿಮ್ಮ ಸಿಟ್ಟು. ಮೊದಲು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಆಮೇಲೆ ನನ್ನದೂ ಒಂದಿದೆ.

ಕಾಲು ಮುರಿದಿಲ್ಲ. ಸುಮಾಳ ಮೊಬೈಲಿನಲ್ಲಿ ನೀವು ನೋಡಿದ ನೀಲಿ ಪಟ್ಟಿ ಪ್ಲಾಸ್ಟರ್ ಅಲ್ಲ, ಓಡುವವರು ಸ್ನಾಯುವಿನ ಮೇಲೆ ಅಂಟಿಸಿಕೊಳ್ಳುವ ಬಟ್ಟೆಯ ಟೇಪು. ಇಲ್ಲಿ ಯಾವ ಪಾರ್ಕಿಗೆ ಹೋದರೂ ನಾಲ್ಕು ಜನ ಅಂಥದ್ದನ್ನು ಅಂಟಿಸಿಕೊಂಡು ಓಡುತ್ತಿರುತ್ತಾರೆ. ಜಲಜತ್ತೆ ಊರಿಗೆಲ್ಲ ಮೂಳೆ ಮುರಿತವೆಂದು ಹಂಚುವ ಮೊದಲು ನನ್ನನ್ನೇ ಒಂದು ಮಾತು ಕೇಳಬಹುದಿತ್ತು. ನಾನು ಕುಂಟುತ್ತಿಲ್ಲ, ಕೋಲು ಹಿಡಿದಿಲ್ಲ, ಒಂದು ಡ್ಯೂಟಿಯನ್ನೂ ತಪ್ಪಿಸಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಚಳಿಯೂ ಅಂಥದ್ದೇನಿಲ್ಲ. ಏನೆಂದರೆ ಏನೂ ಆಗಿಲ್ಲ.

ಆದದ್ದು ಇಷ್ಟೆ. ನವೆಂಬರಿನಲ್ಲಿ ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳಬದಿಯಲ್ಲಿ ನೋವು ಶುರುವಾಯಿತು. ಫಿಸಿಯೋಥೆರಪಿಸ್ಟ್ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಒತ್ತಿ ನೋಡಿದರು. ನೋವು ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತಿದೆ ಎಂಬ ಗುಮಾನಿಯಂತೆ. ಮೂಳೆಯುದ್ದಕ್ಕೂ ಹರಡಿದ್ದರೆ ಅಷ್ಟು ಗಂಭೀರವಲ್ಲವಂತೆ. ನನ್ನದು ಹರಡಿದ ನೋವು. ಓಡಲು ತೊಡಗಿದವರಲ್ಲಿ ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ನಿಧಾನವಾಗಿ ಪಳಗುತ್ತವೆ, ಉಸಿರಿನ ಮಾತು ಕೇಳಿ ಓಡಿದರೆ ಮೂಳೆ ಜಗಳಕ್ಕೆ ಬರುತ್ತದೆ ಎಂದರು. ಕೆಲವು ವಾರ ಓಟ ಬಂದ್. ಅದರ ಬದಲು ಈಜುಕೊಳದಲ್ಲಿ ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ನೆಲಕ್ಕೆ ತಾಗದಂತೆ, ನೀರಿನಲ್ಲೇ ಓಡಬೇಕು. ಮುಂದಕ್ಕೆ ಹೋಗುವುದು ಅಷ್ಟಕ್ಕಷ್ಟೆ. ಪಕ್ಕದಲ್ಲಿ ಈಜುವ ಅಜ್ಜಿಯರು ನನ್ನನ್ನು ದಾಟಿ ಹೋಗಿ, ತಿರುಗಿ ಬಂದು, ಮತ್ತೆ ದಾಟುತ್ತಿದ್ದರು.

ಅದು ಇಳಿಯಿತು ಎನ್ನುವಾಗ ಸಂಕ್ರಾಂತಿಯ ಹೊತ್ತಿಗೆ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಕಣ್ಣಲ್ಲಿ ನೀರು. (ಈಗ ಇಲ್ಲ. ಈಗ ಬಹಳ ಕಡಿಮೆ.) ಹತ್ತು ಹೆಜ್ಜೆ ನಡೆದರೆ ತಾನಾಗಿ ಸಡಿಲವಾಗುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದಕ್ಕೆ ಆದ ಪೆಟ್ಟು. ಮದ್ದು ಕೇಳಿದರೆ ನಗುತ್ತೀರಿ: ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ ಅದರ ಮೇಲೆ ಪಾದ ಉರುಳಿಸುವುದು, ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಟವೆಲ್ ಸುರುಳಿ ಇಟ್ಟು ನಿಂತು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವುದು. ಅಮ್ಮ ಹೇಳಿದ ಉಪ್ಪಿನ ಶಾಖವನ್ನೂ ಕೊಟ್ಟೆ. ಹಿತವಾಯಿತು. ಅಮ್ಮನಿಗೆ ಇಷ್ಟು ಸಾಕು, ಇನ್ನು ಒಂದು ವರ್ಷ ಅದನ್ನೇ ಹೇಳುತ್ತಾಳೆ.

"ದಾನ ಕೊಡುವವರು ಕೊಡಲಿ, ಅದಕ್ಕೆ ನೀನು ಓಡುವುದೇಕೆ?" ಎಂದು ಕೇಳಿದ್ದೀರಿ. ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಅರ್ಥವಾಗಿರಲಿಲ್ಲ. ಈ ಜನ ಸುಮ್ಮನೆ ಕೇಳಿದರೆ ಜೇಬಿಗೆ ಕೈಹಾಕುವುದಿಲ್ಲ. ಯಾರಾದರೂ ಇನ್ನೊಬ್ಬರಿಗಾಗಿ ಒದ್ದಾಡುವುದನ್ನು ಕಂಡರೆ ಕೈಬಿಚ್ಚಿ ಕೊಡುತ್ತಾರೆ. ಘೇಂಡಾಮೃಗದ ದೊಡ್ಡ ವೇಷ ತೊಟ್ಟು ಇಡೀ ಮ್ಯಾರಥಾನ್ ಓಡುವವರಿದ್ದಾರೆ, ಘೇಂಡಾಮೃಗಗಳ ರಕ್ಷಣೆಗೆ ಹಣ ಕೂಡಿಸಲು. ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಹೆಸರಿನಲ್ಲಿ ಕೇಕ್ ಮಾರಾಟ ನಡೆಯಿತು. ನಾನು ಮಾಡಿದ ಕೊಬ್ಬರಿ ಮಿಠಾಯಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು ಎಂಬುದನ್ನು ದಾಖಲಿಸಿಡಬೇಕು. ದತ್ತಿ ಸಂಸ್ಥೆಯ ಮೂಲಕ ಓಡುವವರು ಸಾಮಾನ್ಯವಾಗಿ ಎರಡು ಸಾವಿರ ಪೌಂಡಿನ ಆಸುಪಾಸು ಕೂಡಿಸಿಕೊಡಬೇಕು. ನನ್ನದು ಅರ್ಧ ದಾಟಿದೆ. ಲಾಟರಿಯಲ್ಲಿ ಜಾಗ ಸಿಗುವುದು ಕನಸಿನ ಮಾತು. ಈ ಏಪ್ರಿಲ್ 26ರ ಓಟಕ್ಕೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದ್ದವು.

ದೂರದ ಬಗ್ಗೆಯೂ ಕೇಳಿದ್ದೀರಿ. 42.195 ಕಿಲೋಮೀಟರ್. ಆ ಚಿಲ್ಲರೆ ಎಲ್ಲಿಂದ ಬಂತೆಂದರೆ, 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಿಂದ ಹೊರಡಿಸಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಎದುರು ಮುಗಿಸಿದರು. ಅಂದು ಅಳೆದ ದೂರವನ್ನು ಇಂದಿಗೂ ಜಗತ್ತೆಲ್ಲ ಓಡುತ್ತಿದೆ. ಈಗಿನ ಓಟ ಗ್ರೀನಿಚ್ ಕಡೆಯಿಂದ ಹೊರಟು, ಕಟ್ಟಿ ಸಾರ್ಕ್ ಎಂಬ ಹಳೆಯ ಹಡಗನ್ನು ಸುತ್ತಿ, ಟವರ್ ಬ್ರಿಜ್ ದಾಟಿ, ಕೊನೆಗೆ ಬಕಿಂಗ್‌ಹ್ಯಾಮ್ ಅರಮನೆಯ ಎದುರಿನ ರಸ್ತೆಯಲ್ಲಿ ಮುಗಿಯುತ್ತದೆ. ನಾನು ಓಡುತ್ತ, ನಡೆಯುತ್ತ, ಮತ್ತೆ ಓಡುತ್ತ ಹೋಗುತ್ತೇನೆ. ಫಿಸಿಯೋಥೆರಪಿಸ್ಟ್ ಒಪ್ಪಿರುವುದೂ ಅದಕ್ಕೇ. "ಈ ವಯಸ್ಸಿನಲ್ಲಿ" ಎಂದು ಬರೆದಿದ್ದೀರಲ್ಲ, ಪಂಜಾಬಿನ ಫೌಜಾ ಸಿಂಗ್ ಅವರು 2000ದಲ್ಲಿ ಇದೇ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದಾಗ ಅವರ ವಯಸ್ಸು 89 ಎನ್ನುತ್ತಾರೆ. ಅವರೂ ಓಡಿದ್ದು ದತ್ತಿಗೇ, ತಿಂಗಳು ತುಂಬದೆ ಹುಟ್ಟುವ ಕೂಸುಗಳಿಗಾಗಿ. ಹೋದ ಜುಲೈಯಲ್ಲಿ ಅವರು ತಮ್ಮ ಊರಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ.

ಸಾಕು, ನನ್ನ ಕಥೆ ಮುಗಿಯಿತು. ಈಗ ನನ್ನ ಪ್ರಶ್ನೆ.

ನಿಮ್ಮ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ಎರಡು ಸಾಲುಗಳಿವೆ. ಲಕೋಟೆ ಅಂಟಿಸಲು ಕೊಟ್ಟಾಗ ಅಮ್ಮ ಸೇರಿಸಿದ್ದು. ನಿಮ್ಮ ಬಲಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಹುಣ್ಣಾಗಿದೆ, ಎಳ್ಳಮಾವಾಸ್ಯೆ ಜಾತ್ರೆಗೂ ಮುಂಚಿನದು, ಕಮ್ಯುನಿಸ್ಟ್ ಗಿಡದ ರಸ ಹಿಂಡಿಕೊಳ್ಳುತ್ತಿದ್ದಾರೆ, ನೋವಿಲ್ಲ ಎನ್ನುತ್ತಾರೆ, ಎಂದು. ಅವಳನ್ನು ಬೈಯಬೇಡಿ. ಎರಡು ಹಾಳೆ ತುಂಬ ನನ್ನ ಕಾಲನ್ನು ಗದರಿಸಿದ ನೀವು ನಿಮ್ಮ ಕಾಲಿನ ಬಗ್ಗೆ ಒಂದಕ್ಷರ ಬರೆಯಲಿಲ್ಲವಲ್ಲ?

ನೋವಿಲ್ಲ ಎಂಬ ಮಾತೇ ನನಗೆ ನಿದ್ದೆಗೆಡಿಸಿದೆ. ನನ್ನ ಹಿಮ್ಮಡಿ ನೋಯುತ್ತದೆ, ಹಾಗಾಗಿ ನಾನು ನಿಲ್ಲುತ್ತೇನೆ, ಕುಳಿತುಕೊಳ್ಳುತ್ತೇನೆ, ಯಾರಿಗಾದರೂ ತೋರಿಸುತ್ತೇನೆ. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಸುದ್ದಿ ಕಳುಹಿಸುವುದನ್ನೇ ನಿಲ್ಲಿಸುತ್ತವೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಹುಣ್ಣಿನ ಮೇಲೆ ಇಡೀ ದಿನ ತೋಟ ಸುತ್ತಿದರೂ ಗೊತ್ತಾಗುವುದಿಲ್ಲ. ಜೊತೆಗೆ ಕಾಲಿಗೆ ರಕ್ತದ ಹರಿವೂ ಕಡಿಮೆಯಾಗಿದ್ದರೆ ಗಾಯ ಮಾಯುವುದಿಲ್ಲ, ಒಳಗೊಳಗೇ ಕೀವಾಗಿ ಮೂಳೆಗೆ ಇಳಿಯುತ್ತದೆ. ಷೂ ಒಳಗೆ ಮೊಮ್ಮಗನ ಆಟಿಕೆಯ ತುಣುಕು ಸೇರಿದ್ದು ತಿಳಿಯದೆ ಸಂಜೆಯವರೆಗೆ ನಡೆದು ಬಂದವರನ್ನು ನಮ್ಮ ವಾರ್ಡಿನಲ್ಲಿ ಆರೈಕೆ ಮಾಡಿದ್ದೇನೆ. ಮುಂದೆ ಏನಾಯಿತು ಎಂದು ಬರೆಯುವುದಿಲ್ಲ. ರಘುವಿನ ಗೃಹಪ್ರವೇಶದ ದಿನ ನಿಮ್ಮ ಕಾಲಿನಿಂದ ಚಪ್ಪಲಿ ಜಾರಿಹೋಗಿದ್ದು ಅಂಗಳ ದಾಟುವವರೆಗೂ ನಿಮಗೆ ಗೊತ್ತಾಗಿರಲಿಲ್ಲ, ನೆನಪಿದೆಯೇ? ವಯಸ್ಸಿನ ಮರೆವು ಎಂದು ದೊಡ್ಡಪ್ಪ ನಕ್ಕರು. ಅದು ಮರೆವಲ್ಲ, ಅಪ್ಪಯ್ಯ.

ಅಡಿಕೆಯ ಮೂರನೇ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದೀರಂತೆ. ಕೊನೆ ತೆಗೆಯುವವರು ಸಿಗುವುದು ಎಷ್ಟು ಕಷ್ಟ, ಸಿಕ್ಕ ದಿನ ಮನೆಯಲ್ಲಿ ಯಜಮಾನ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಒಂದು ಮರದ ಸೋಗೆಯಲ್ಲಿ ಎಲೆಚುಕ್ಕಿ ಕಂಡರೆ ನೀವು ಕೊಯ್ಲು ಮುಗಿಯಲಿ ಎಂದು ಕಾಯುತ್ತೀರಾ? ಅಂದೇ ಔಷಧಿ ಹೊಡೆಸಿ, ರೋಗದ ಸೋಗೆಯನ್ನು ಕಡಿಸಿ, ಪಕ್ಕದ ತೋಟದವರಿಗೂ ಹೇಳಿ ಬರುತ್ತೀರಿ. ನಿಮ್ಮ ಹೆಬ್ಬೆರಳಿಗೆ ಅಷ್ಟು ಕಾಳಜಿ ತೋರಿಸಿದರೆ ನನಗೆ ಸಾಕು.

ಇಲ್ಲಿ ಮಧುಮೇಹಿಯ ಪಾದದಲ್ಲಿ ಹುಣ್ಣು ಕಂಡರೆ ಒಂದು ಕೆಲಸದ ದಿನದೊಳಗೆ ಪಾದದ ತಜ್ಞರ ತಂಡಕ್ಕೆ ಕಳುಹಿಸಬೇಕೆಂಬ ನಿಯಮವಿದೆ. ಉಳಿದ ಎಷ್ಟೋ ಕಾಯಿಲೆಗೆ ತಿಂಗಳುಗಟ್ಟಲೆ ಕಾಯಿಸುವ ದೇಶ ಇದಕ್ಕೆ ಮಾತ್ರ ಇಷ್ಟು ಅವಸರ ಮಾಡುತ್ತದೆ ಎಂದರೆ ಕಾರಣವಿಲ್ಲದೆ ಇರುವುದಿಲ್ಲ. ನಾನು ಡಯಾಬಿಟಿಸ್ ಯುಕೆ ಎಂಬ ಸಂಸ್ಥೆಗಾಗಿ ಓಡುತ್ತಿರುವುದು ನಿಮ್ಮನ್ನು ನೆನೆದೇ. ಇದುವರೆಗೆ ಹೇಳಿರಲಿಲ್ಲ. 1934ರಲ್ಲಿ ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ಡಾ. ಆರ್. ಡಿ. ಲಾರೆನ್ಸ್, ಸ್ವತಃ ಮಧುಮೇಹಿ. ಮದ್ದಿಲ್ಲದ ಕಾಲದಲ್ಲಿ, ಹೇಗೂ ಬದುಕುವುದಿಲ್ಲವೆಂದು ಇಟಲಿಗೆ ಹೋಗಿ ನೆಲೆಸಿದ್ದರು. 1923ರಲ್ಲಿ ಲಂಡನ್ನಿನ ಆಸ್ಪತ್ರೆಯ ಸಹೋದ್ಯೋಗಿಯಿಂದ ತಂತಿ ಬಂತು: ಇನ್ಸುಲಿನ್ ಸಿಕ್ಕಿದೆ, ಬೇಗ ಬಾ. ಅಷ್ಟು ಬಳಲಿದ ಮನುಷ್ಯ ಅಷ್ಟು ದೂರದಿಂದ ಹೊರಟು ಬಂದು 1968ರವರೆಗೆ ಬದುಕಿದರು. ನಿಮಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ.

ಡಾಕ್ಟರಿಗೆ ತೋರಿಸುವವರೆಗೆ ಇಷ್ಟು ಮಾಡಿ. ಗಿಡದ ರಸ, ಅರಿಶಿನ, ಎಣ್ಣೆ ಯಾವುದೂ ಬೇಡ. ಬಿಸಿನೀರಿನಲ್ಲಿ ಕಾಲು ಅದ್ದಿಡಬೇಡಿ, ಬಿಸಿ ಎಷ್ಟೆಂದು ನಿಮ್ಮ ಪಾದ ಹೇಳುವುದಿಲ್ಲ. ಸುತ್ತಲಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆತ್ತಬೇಡಿ; ಅದು ನಿಮ್ಮ ಹಳೆಯ ಚಾಳಿ. ಶುದ್ಧ ಬಟ್ಟೆ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕದೆ ಜಗಲಿಯಲ್ಲಿ ಕುಳಿತೇ ಕೊಯ್ಲಿನ ಉಸ್ತುವಾರಿ ನೋಡಿ. ತೋಟಕ್ಕೆ ಬರಿಗಾಲಿನಲ್ಲಿ ಇಳಿಯುವುದು ಇನ್ನು ಮುಗಿಯಿತು. ಜ್ವರ ಬಂದರೆ, ಬೆರಳು ಕೆಂಪಾಗಿ ಊದಿದರೆ, ಕಪ್ಪಾದರೆ, ವಾಸನೆ ಬಂದರೆ, ರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಹೊರಡಿ.

ಮಣಿಪಾಲದಲ್ಲಿ ತೆಳು ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ, ತಿಳಿಯಿತೇ ಎಂದು ಕೇಳುತ್ತಾರೆ. ದಯವಿಟ್ಟು ಮರ್ಯಾದೆಗೆಂದು ಹೂಂ ಎನ್ನಬೇಡಿ, ಕಣ್ಣು ಮುಚ್ಚಿಕೊಂಡು ನಿಜ ಹೇಳಿ. ಪಾದದ ಮೇಲಿನ ನಾಡಿ ನೋಡುತ್ತಾರೆ, ಎಕ್ಸ್‌ರೇ ತೆಗೆಸಬಹುದು, ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ರಕ್ತಪರೀಕ್ಷೆ ಮಾಡಿಸುತ್ತಾರೆ. ಖರ್ಚಿನ ಮಾತು ಎತ್ತಬೇಡಿ, ರಘುವಿನ ಖಾತೆಗೆ ಇಂದು ಬೆಳಿಗ್ಗೆಯೇ ಹಾಕಿದ್ದೇನೆ. ಓಟದ ಹಣದಿಂದ ತೆಗೆದದ್ದಲ್ಲ, ಅದು ಸಂಸ್ಥೆಯದು, ಅದನ್ನು ನಾನು ಮುಟ್ಟುವಂತಿಲ್ಲ. ಇದು ನನ್ನ ಸಂಬಳ.

ಹೆದರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ತೋರಿಸಿದರೆ ಇಂಥ ಹುಣ್ಣುಗಳು ಮಾಯುತ್ತವೆ, ಎಷ್ಟೋ ಮಂದಿಯದು ಮಾಯ್ದದ್ದನ್ನು ನಾನೇ ಡ್ರೆಸ್ಸಿಂಗ್ ಮಾಡುತ್ತ ನೋಡಿದ್ದೇನೆ. ನಿಮ್ಮದೂ ಮಾಯುತ್ತದೆ. ಖಂಡಿತ ಮಾಯುತ್ತದೆ. ನನ್ನದಂತೂ ಮಾಯ್ದೇ ಬಿಟ್ಟಿದೆ ಎನ್ನಿ. ಒಂದು ಒಪ್ಪಂದ ಮಾಡಿಕೊಳ್ಳೋಣವೇ? ಹಿಮ್ಮಡಿ ಮತ್ತೆ ಕೆಣಕಿದರೆ ನಾನು ಈ ಸಲದ ಓಟವನ್ನೇ ಬಿಡುತ್ತೇನೆ, ಹಟ ಮಾಡುವುದಿಲ್ಲ. ನೀವು ಈ ವಾರವೇ ಘಾಟಿ ಇಳಿಯಿರಿ.

ಅಮ್ಮ, ನಿನ್ನ ಸಂಡಿಗೆ ಒಂದೂ ಮುರಿಯದೆ ಬಂದಿದೆ. ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ. ಹುಡುಗನ ಕಡೆಯವರ ವಿಷಯ ಆಮೇಲೆ ಮಾತನಾಡೋಣ, ಈಗ ಬೇಡ.

ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ ತಪ್ಪಿದರೆ ಮತ್ತೆ ಓಡಬೇಕಾಗುತ್ತದೆ. ಎಲ್ಲರಿಗೂ ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ
ಮೈತ್ರಿ

ರಘು, ಈ ಪತ್ರ ಬರುವವರೆಗೆ ಕಾಯಬೇಡವೆಂದು ಇದರ ಫೋಟೋವನ್ನು ನಿನಗೆ ಮೊಬೈಲಿನಲ್ಲಿ ಕಳುಹಿಸುತ್ತಿದ್ದೇನೆ, ಅಪ್ಪಯ್ಯನಿಗೆ ಓದಿ ಹೇಳು. ಹಗಲಿನ ಬೆಳಕಿನಲ್ಲಿ ಅವರ ಪಾದದ ಫೋಟೋ ತೆಗೆದು ಕಳುಹಿಸು, ಅಂಗಾಲು, ಬೆರಳುಗಳ ಸಂದಿ ಎಲ್ಲ ಕಾಣಬೇಕು. ಆಸ್ಪತ್ರೆಗೆ ಹೋಗುವಾಗ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ಬರುವಾಗ ಎಂಸಿಆರ್ ಚಪ್ಪಲಿ (ಮಧುಮೇಹಿಗಳ ಪಾದಕ್ಕೆ ಹೊಂದುವ ಮೆತ್ತನೆಯ ರಬ್ಬರಿನದು) ಕೇಳು, ಹಿಂದೆ ಪಟ್ಟಿ ಇರುವಂಥದ್ದು. ಅಳತೆಗೆ ಅವರನ್ನೇ ಅಂಗಡಿಯೊಳಗೆ ಕರೆದುಕೊಂಡು ಹೋಗು.