ಸಹಿ ಪುಸ್ತಕ ಮನೆಮನೆಗೆ ಹೋಗಬಾರದು

ಸಾಗರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಟ್ಟ ಮೇಲೆ ನಿನ್ನ ದೊಡ್ಡಪ್ಪನ ಮಂಡಿನೋವೂ ಕಮ್ಮಿ. ಪಂಚಾಯ್ತಿ ಮೆಂಬರ್ ಆದವಳು ಈಗ ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೂ ಅಧ್ಯಕ್ಷೆ ಆದೆಯಂತೆ, ನಿನ್ನಮ್ಮ ಫೋನಲ್ಲಿ ಹೇಳಿದಳು. ನರ್ಸಮ್ಮನ ಕೆಲಸದಿಂದ ನಿವೃತ್ತಿಯಾದರೂ ಆ ಸಮಿತಿಯ ಹೆಸರು ಕೇಳಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಮೇಲೆ ಊರಿಗೊಂದು ಇಂಥ ಸಮಿತಿ ಅಂತಾಯಿತು. ನಾನಿದ್ದ ಊರಲ್ಲಿ ಸಭೆಯೇ ಸೇರುತ್ತಿರಲಿಲ್ಲ. ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದವಳು ನಾನೇ, ಈಗ ಹೇಳಲು ನಾಚಿಕೆ. ಆ ವರ್ಷದ ಯೋಜನೆ ಏನು ಗೊತ್ತೇ? ಚರಂಡಿ ಹೂಳೆತ್ತುವುದು! ಗುಡ್ಡಕ್ಕೊಂದು, ತೋಟದಂಚಿಗೊಂದು ಮನೆಯಿರುವ ಊರಿಗೆ ಎಲ್ಲಿಯ ಚರಂಡಿ? ಸಹಿ ಹಾಕಿದವರೆಲ್ಲ ರಸ್ತೆಬದಿಯವರು, ಅವರ ಮನೆ ಮುಂದೆ ಮಾತ್ರ ಚರಂಡಿ ಇತ್ತು.

ಆಮೇಲೆ ಒಂದು ದಿನ ಅಂಗನವಾಡಿಯಲ್ಲಿ ನಿಜವಾಗಿ ಸಭೆ ಕೂತಿದ್ದೆವು. ಮಗುವನ್ನು ಕರೆದೊಯ್ಯಲು ಬಂದ ಒಬ್ಬಳು ಬಾಗಿಲಲ್ಲೇ ನಿಂತು, "ನಮ್ಮ ಹಾಡ್ಯದಲ್ಲಿ ಎರಡು ಮಂಗ ಸತ್ತು ಬಿದ್ದು ಎಂಟು ದಿನ ಆಯ್ತಲ್ಲ" ಅಂದಳು. ದಿನಾ ತರಗೆಲೆ ತರಲು ಕಾಡಿಗೆ ಹೋಗುವವಳು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳು ಸದಸ್ಯೆಯೂ ಅಲ್ಲ. ಉಣ್ಣೆ ಹುಳದಿಂದ ಮಂಗಕ್ಕೂ ಮನುಷ್ಯರಿಗೂ ತಗಲುವ ಮಂಗನ ಕಾಯಿಲೆ ಮೊದಲು ಗುರುತಾದದ್ದೇ 1957ರಲ್ಲಿ ನಮ್ಮ ಸೊರಬ ಸೀಮೆಯ ಕ್ಯಾಸನೂರು ಕಾಡಲ್ಲಿ. ನಮ್ಮ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಆ ಕಾಯಿಲೆಗೆ ಜನ ಸತ್ತ ಬೇಸಿಗೆ ನಿನಗೂ ನೆನಪಿರಬೇಕು. ಸತ್ತ ಮಂಗವನ್ನು ಮೊದಲು ಕಾಣುವುದು ಸೌದೆಯವರು, ದನ ಕಾಯುವವರು. ವೈದ್ಯರಲ್ಲ, ನಾನೂ ಅಲ್ಲ.

ನಿಯಮದಲ್ಲಿ ಕನಿಷ್ಠ 15 ಸದಸ್ಯರು, ಅರ್ಧದಷ್ಟಾದರೂ ಹೆಂಗಸರು ಅಂತಿದೆ. ಆ ಲೆಕ್ಕ ಒಂದೇ ಕೇರಿಯಿಂದಲೂ ತುಂಬುತ್ತದೆ, ಅಲ್ಲೇ ಎಲ್ಲರೂ ಎಡವುವುದು. ಕೇರಿಗೊಬ್ಬರಂತೆ ಹುಡುಕು. ಸಭೆ ಮಧ್ಯಾಹ್ನ ಇಟ್ಟರೆ ಕೂಲಿಯವರು ಬರುವುದಿಲ್ಲ, ಸಂಜೆ ಇಡು. ಅಡಿಕೆ ಕೊನೆ ಕೊಯ್ಲು ಶುರುವಾದಮೇಲೆ ಯಾರೂ ಕೈಗೆ ಸಿಗರು. ಕಾಯಿಲೆಯೂ ಆ ಹೊತ್ತಿಗೇ ತಲೆ ಎತ್ತುವುದು. ಹಾಗಾಗಿ ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಯಾರ ಮನೆಯಲ್ಲಿರಬೇಕು, ಮಂಗ ಸತ್ತರೆ ಮುಟ್ಟದೆ ಯಾರಿಗೆ ಫೋನ್ ಮಾಡಬೇಕು, ಇದೆಲ್ಲ ದೀಪಾವಳಿ ಒಳಗೇ ತೀರ್ಮಾನವಾಗಲಿ.

ಇನ್ನು ದುಡ್ಡು. ವರ್ಷಕ್ಕೆ 10,000 ರೂಪಾಯಿ ಅಂತಿದೆ, ದೊಡ್ಡದೇನಲ್ಲ. ಖಾತೆ ನಿನ್ನ ಮತ್ತು ಆಶಾ ಕಾರ್ಯಕರ್ತೆಯ ಜಂಟಿ ಹೆಸರಲ್ಲಿರುತ್ತದೆ, ಅವಳೇ ಸದಸ್ಯ ಕಾರ್ಯದರ್ಶಿ. ನಿಮ್ಮಿಬ್ಬರಿಗೆ ಮಾತು ಬಿಟ್ಟರೆ ದುಡ್ಡು ಬ್ಯಾಂಕಲ್ಲೇ ಕೊಳೆಯುತ್ತದೆ. ಅವಳನ್ನು ಚಹಾ ತರಲು ಕಳಿಸಬೇಡ. ಚೆಕ್ಕಿಗೆ ಸಹಿ ನಿನ್ನದು, ನಿನ್ನ ಗಂಡನದ್ದಲ್ಲ. ಅಳಿಯಂದಿರು ಮುನಿಸಿಕೊಂಡರೆ ದೊಡ್ಡಮ್ಮ ಹೇಳಿದ್ದು ಅನ್ನು.

ಹಬ್ಬಕ್ಕೆ ಬರುವಾಗ ಸದಸ್ಯರ ಪಟ್ಟಿ ತಾ. ಯಾರು ಯಾವ ಕೇರಿಯವರು ಅಂತ ನಾನೇ ಓದಬೇಕು, ಕನ್ನಡಕ ಹೊಸದು ಮಾಡಿಸಿದ್ದೇನೆ.

ಇಂತಿ,
ನಿನ್ನ ದೊಡ್ಡಮ್ಮ