ಮಗಳಿಗೊಂದು ಪತ್ರ: ಮುಂಗಡ ಕೊಡುವ ಮುನ್ನ

ಪ್ರೀತಿಯ ಮಗಳೇ,

ಸಾಲ ಮಾಡಿ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುತ್ತೇನೆ, ಬರುವ ಬಾಡಿಗೆಯಲ್ಲೇ ಕಂತು ತೀರಿಹೋಗುತ್ತದೆ ಎಂದು ಬರೆದಿದ್ದೀಯೆ. ಆಸ್ತಿ ಮಾಡಬೇಕೆಂಬ ನಿನ್ನ ಆಸೆಗೆ ನನ್ನ ಅಡ್ಡಿಯಿಲ್ಲ. ಆದರೆ ಆ ಕೊನೆಯ ಮಾತನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡದೆ ಯಾರಿಗೂ ಮುಂಗಡ ಕೊಡಬೇಡ.

ಫ್ಲ್ಯಾಟಿನ ಬೆಲೆ 100 ಎಂದಿಟ್ಟುಕೊ. ನಿನ್ನ ಉಳಿತಾಯದಿಂದ 20 ಹಾಕಿ, ಉಳಿದ 80ನ್ನು ಶೇ. 9ರ ಬಡ್ಡಿಗೆ 20 ವರ್ಷಗಳ ಸಾಲವಾಗಿ ತಂದರೆ, ವರ್ಷಕ್ಕೆ ಕಟ್ಟಬೇಕಾದ ಕಂತು ಸುಮಾರು 8.6 ಆಗುತ್ತದೆ. ಬಾಡಿಗೆ ವರ್ಷಕ್ಕೆ 4 ಬಂದರೂ, ಮನೆ ಖಾಲಿ ಬೀಳುವ ತಿಂಗಳು, ರಿಪೇರಿ, ತೆರಿಗೆ, ವಿಮೆ, ನಿರ್ವಹಣೆಯ ಶುಲ್ಕ ಎಲ್ಲ ಕಳೆದು ಕೈಗೆ 3 ಉಳಿದರೆ, ಮಿಕ್ಕ 5.6 ಪ್ರತಿ ವರ್ಷ ನಿನ್ನ ಸಂಬಳದಿಂದಲೇ ಹೋಗಬೇಕು. ಮೊದಲ ಕಂತಿನಲ್ಲಿ ನೂರಕ್ಕೆ 83ರಷ್ಟು ಬಡ್ಡಿಗೇ ಸಂದು, ಅಸಲಿಗೆ ಸೇರುವುದು 17 ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಆ 80ರಲ್ಲಿ ಸುಮಾರು 57 ಬಾಕಿ ಇರುತ್ತದೆ. ಇದನ್ನು ಮೊದಲ ಸಲ ಕಂಡಾಗ ನಾನೇ ಲೆಕ್ಕ ತಪ್ಪಿರಬೇಕೆಂದುಕೊಂಡು ಮತ್ತೊಮ್ಮೆ ಹಾಕಿದ್ದೆ.

ಬೆಲೆ ಶೇ. 10 ಏರಿದರೆ ನೀನು ಹಾಕಿದ 20 ಮೂವತ್ತಾಗುತ್ತದೆ ಎಂದು ದಲ್ಲಾಳಿಗಳು ಹೇಳುತ್ತಾರೆ, ಅದು ಸುಳ್ಳಲ್ಲ. ಅಷ್ಟೇ ಇಳಿದರೆ ಆ 20 ಹತ್ತಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಕೆಲಸವೂ ಹೋದರೆ, ಹಣ ಬೇಕೆಂದು ಒಂದು ಕೋಣೆಯನ್ನಷ್ಟೇ ಮಾರಲಾಗುವುದಿಲ್ಲ. ಇಡೀ ಮನೆಯನ್ನು, ಅದೂ ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ಆದ್ದರಿಂದ ಬಾಡಿಗೆ ಬಾರದೆಯೂ ಕನಿಷ್ಠ ಆರು ತಿಂಗಳ ಕಂತು ಕಟ್ಟುವಷ್ಟು ಹಣವನ್ನು ಪ್ರತ್ಯೇಕವಾಗಿ ಇರಿಸಿಕೊಂಡ ಮೇಲೆಯೇ ಈ ಕೆಲಸಕ್ಕೆ ಇಳಿ. ಅಷ್ಟು ಕೂಡಿಲ್ಲವಾದರೆ ಇನ್ನೂ ಕಾಯಬೇಕೆಂದೇ ನನ್ನ ಅಭಿಪ್ರಾಯ.

ಇನ್ನು ಕಾಗದಪತ್ರಗಳ ವಿಷಯ. ನಿನ್ನಪ್ಪ ಮತ್ತು ನಾನು ಮೊದಲು ಕೊಂಡ ನಿವೇಶನದ ಪತ್ರಗಳನ್ನು ಮಾರುವವರು ಕರೆತಂದ ವಕೀಲರೇ ನೋಡಿ ಎಲ್ಲ ಸರಿಯಿದೆ ಎಂದರು, ನಾವು ನಂಬಿದೆವು. ವಾರಸುದಾರರಲ್ಲಿ ಒಬ್ಬರ ಸಹಿ ಇರಲಿಲ್ಲವೆಂಬುದು ಅವರು ತಕರಾರು ತೆಗೆದಾಗಲೇ ನಮಗೆ ತಿಳಿದದ್ದು. ನಿನ್ನ ವಕೀಲರಿಗೆ ನೀನೇ ಶುಲ್ಕ ಕೊಡು. ಹಿಂದಿನ ಒಡೆತನ ಕೈಯಿಂದ ಕೈಗೆ ಹೇಗೆ ಬಂತು, ಆಸ್ತಿಯ ಮೇಲೆ ಯಾರ ಸಾಲವಿದೆ, ಕಟ್ಟಡಕ್ಕೆ ಅನುಮತಿ ಇದೆಯೇ ಎಂಬುದನ್ನು ಅವರು ಬರವಣಿಗೆಯಲ್ಲೇ ತಿಳಿಸಲಿ.

ಸಣ್ಣ ಮೊತ್ತದಿಂದ ಶುರುಮಾಡುವ ಮನಸ್ಸಿದ್ದರೆ, 1960ರಲ್ಲಿ ಅಮೆರಿಕದಲ್ಲಿ ಕಾನೂನಾಗಿ ಈಗ ಅನೇಕ ದೇಶಗಳಲ್ಲಿರುವ ರೀಟ್ ಎಂಬ ವ್ಯವಸ್ಥೆಯನ್ನೂ ನೋಡು. ಅಲ್ಲಿ ದೊಡ್ಡ ಕಟ್ಟಡಗಳ ಬಾಡಿಗೆಯಲ್ಲಿ ಷೇರಿನಂತೆ ಪಾಲು ಕೊಳ್ಳಬಹುದು, ಬೇಕೆಂದಾಗ ಸ್ವಲ್ಪವನ್ನೇ ಮಾರಬಹುದು. ಅದರ ಬೆಲೆಯೂ ಏರಿಳಿಯುತ್ತದೆ ಅಷ್ಟೆ.

ನೀನು ನೋಡಿರುವ ಫ್ಲ್ಯಾಟಿಗೆ ಎಷ್ಟು ಬಾಡಿಗೆ ಬರುತ್ತದೆಂದು ಮಾರುವವರನ್ನು ಕೇಳಬೇಡ. ಅದೇ ಕಟ್ಟಡದಲ್ಲಿ ಬಾಡಿಗೆಗಿರುವ ಇಬ್ಬರನ್ನು ವಿಚಾರಿಸಿ, ಅವರು ಹೇಳಿದ ಮೊತ್ತವನ್ನು ನನಗೆ ಬರೆದು ಕಳುಹಿಸು.

ನಿನ್ನ ಅಮ್ಮ