ಧನಗೋಪಾಲ ಮುಖರ್ಜಿ ಕನ್ನಡದ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಹೊರದೇಶಗಳಲ್ಲಿ ನೆಲೆಸಿ ಮಕ್ಕಳಿಗಾಗಿ ಬರೆಯುತ್ತಿರುವ ಭಾರತ ಮೂಲದ ಲೇಖಕರನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈಗಿನವರ ಬಗ್ಗೆ ಒಳ್ಳೆಯ ಮಾಹಿತಿ ಇತ್ತು. ಆದರೆ ಅವರೆಲ್ಲರಿಗಿಂತ ಮೊದಲು ಆ ದಾರಿ ತುಳಿದ ಧನಗೋಪಾಲ ಮುಖರ್ಜಿಯವರ ಹೆಸರು ಅದರಲ್ಲಿ ಇರಲಿಲ್ಲ. ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕವನ್ನು 1928ರಲ್ಲೇ ಪಡೆದವರು ಅವರು. ಅವರನ್ನು ಓದಿಸಬೇಕೆಂಬ ಆಸೆಯಿಂದ ಈ ಪತ್ರ.

ಮುಖರ್ಜಿ 1890ರಲ್ಲಿ ಬಂಗಾಳದ ಪುರೋಹಿತ ಮನೆತನದಲ್ಲಿ ಹುಟ್ಟಿದರು. ಯಂತ್ರವಿದ್ಯೆ ಕಲಿಯಲು ಜಪಾನಿಗೆ ಹೋದರು. ಮನುಷ್ಯರನ್ನೂ ಯಂತ್ರಗಳಂತೆ ದುಡಿಸುವ ಆ ಕಾರ್ಖಾನೆಗಳು ಹಿಡಿಸದೆ ಅಲ್ಲಿಂದ ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದರು. ಕೈಯಲ್ಲಿ ಕಾಸಿರಲಿಲ್ಲ. ಬರ್ಕ್ಲಿಯಲ್ಲಿ ಓದುತ್ತಲೇ ಕಂಡವರ ಮನೆಯ ಪಾತ್ರೆ ತೊಳೆದರು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಮಾಡಿದರು. 1914ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪದವಿ ಪಡೆದರು. ಅವರ ಅಣ್ಣ ಜಾದುಗೋಪಾಲ ಬಂಗಾಳದ ಕ್ರಾಂತಿಕಾರಿಗಳ ಮುಂಚೂಣಿಯಲ್ಲಿದ್ದು ಜೈಲು ಕಂಡವರು. ಬ್ರಿಟಿಷರ ಕಣ್ಣು ತಪ್ಪಿಸಿ ಅಮೆರಿಕಕ್ಕೆ ಬಂದ ನರೇಂದ್ರನಾಥ ಭಟ್ಟಾಚಾರ್ಯ ಎಂಬ ಯುವಕನಿಗೆ ಆಸರೆಯಾಗಿ, ಹೆಸರು ಬದಲಿಸಿಕೊಳ್ಳುವಂತೆ ಸೂಚಿಸಿದವರೂ ಇದೇ ಧನಗೋಪಾಲರು. ಆ ಯುವಕನೇ ಮುಂದೆ ಕ್ರಾಂತಿಕಾರಿ, ಚಿಂತಕ ಎಂ.ಎನ್. ರಾಯ್ ಆದರು.

ಮುಖರ್ಜಿಯವರು ಮಕ್ಕಳಿಗಾಗಿ ಬರೆದ ಮೊದಲ ಪುಸ್ತಕ 1922ರದು, ‘ಕರಿ’ ಎಂಬ ಆನೆಮರಿಯ ಕಥೆ. ಮರಿಗೆ ಐದು ತಿಂಗಳು, ಅದನ್ನು ನೋಡಿಕೊಳ್ಳುವ ಹುಡುಗನಿಗೆ ಒಂಬತ್ತು ವರ್ಷ. ನಮ್ಮ ಊರು ಸಕ್ರೆಬೈಲು ಆನೆ ಬಿಡಾರಕ್ಕೆ ತೀರ ಹತ್ತಿರ. ನಿವೃತ್ತಿಯ ನಂತರ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುತ್ತೇನೆ. ಅವರಲ್ಲಿ ಇಬ್ಬರು ಬಿಡಾರದಲ್ಲಿ ಕೆಲಸ ಮಾಡುವವರ ಮಕ್ಕಳು. ‘ಕರಿ’ಯನ್ನು ಇಂಗ್ಲಿಷಿನಿಂದ ಆಗಿಂದಾಗಲೇ ಕನ್ನಡಕ್ಕೆ ಮಾಡಿ ಹೇಳುತ್ತಿದ್ದೆ. ಹುಡುಗ ಆನೆಮರಿಯನ್ನು ನದಿಗಿಳಿಸಿ ಮರಳು ಹಾಕಿ ಮೈ ಉಜ್ಜುವ ಭಾಗ ಬಂದಾಗ ಆ ಇಬ್ಬರೂ ನೆಟ್ಟಗೆ ಕುಳಿತರು. “ಟೀಚರ್, ಕಿವಿಯ ಹಿಂದೆ ಉಜ್ಜಿದನಾ? ಅಲ್ಲಿ ಉಜ್ಜದಿದ್ದರೆ ಕೊಳೆ ಹಾಗೇ ಉಳಿಯುತ್ತದೆ” ಎಂದಳು ಒಬ್ಬಳು. ಕಿವಿ ಎಳೆದು ‘ಧತ್’ ಎಂದರೆ ಕೂರಬೇಕು, ಸೊಂಡಿಲು ಹಿಡಿದೆಳೆದು ‘ಮಾಲಿ’ ಎಂದರೆ ನಡೆಯಬೇಕು ಎಂದು ಕಲಿಸುವ ಜಾಗದಲ್ಲಂತೂ ವಾದವೇ ಎದ್ದಿತು. ನಮ್ಮ ಆನೆಗಳು ಆ ಮಾತಿಗೆ ಕಿವಿಗೊಡುವುದಿಲ್ಲ ಎಂದು ಆ ಇಬ್ಬರಲ್ಲಿ ಇನ್ನೊಬ್ಬ ಹಟ ಹಿಡಿದ. ತರಗತಿಯ ಪಾಠಕ್ಕೆ ಬಾಯಿ ಬಿಡದ ಈ ಮಕ್ಕಳು ನೂರು ವರ್ಷ ಹಿಂದಿನ ಲೇಖಕನೊಂದಿಗೆ ಸರಿಸಮನಾಗಿ ಜಗಳಕ್ಕಿಳಿದದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಪದಕ ತಂದುಕೊಟ್ಟದ್ದು 1927ರಲ್ಲಿ ಪ್ರಕಟವಾದ ಪಾರಿವಾಳದ ಕಥೆ. ನಾಯಕ ಚಿತ್ರಗ್ರೀವ, ಬಲೆಯ ಸಮೇತ ಹಾರಿಹೋದ ಪಂಚತಂತ್ರದ ಪಾರಿವಾಳಗಳ ರಾಜನ ಹೆಸರೇ. ಕಲ್ಕತ್ತದ ಹುಡುಗನೊಬ್ಬ ಸಾಕಿದ ಈ ಹಕ್ಕಿ ಹಿಮಾಲಯದ ಕಾಡು ನೋಡುತ್ತದೆ, ಮೊದಲ ಮಹಾಯುದ್ಧದಲ್ಲಿ ಓಲೆ ಹೊರಲು ಫ್ರಾನ್ಸಿಗೆ ಹೋಗುತ್ತದೆ. ಕೆಲವು ಅಧ್ಯಾಯಗಳನ್ನು ಹಕ್ಕಿಯೇ ಹೇಳುತ್ತದೆ. ಆರಂಭದಲ್ಲಿ ಒಂದು ದೃಶ್ಯವಿದೆ. ಮರಿಗೆ ರೆಕ್ಕೆ ಬಲಿತಿದೆ, ಆದರೂ ಹಾರಲೊಲ್ಲದು. ತಂದೆ ಹಕ್ಕಿ ಗದರುತ್ತಾ, ಒತ್ತರಿಸುತ್ತಾ ಅದನ್ನು ಗೋಡೆಯ ಅಂಚಿಗೆ ತರುತ್ತದೆ. ಕಾಲು ಜಾರಿದ ಕ್ಷಣದಲ್ಲಿ, ಜೀವ ಉಳಿಸಿಕೊಳ್ಳಲೆಂದೇ, ಮರಿಯ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಮುಂದೆ ಯುದ್ಧದಿಂದ ಮರಳಿದ ಅದೇ ಹಕ್ಕಿ ಭಯದಿಂದ ಹಾರುವುದನ್ನೇ ಬಿಡುತ್ತದೆ. ಗಾಯ ಮಾಯ್ದಿರುತ್ತದೆ, ಮನಸ್ಸಿನೊಳಗಿನ ಹೆದರಿಕೆ ಮಾಯ್ದಿರುವುದಿಲ್ಲ. ಬೆಟ್ಟದ ಬೌದ್ಧ ಮಠದ ಲಾಮಾಗಳು ಅದನ್ನೂ ಅದರ ಜೊತೆ ಯುದ್ಧಕ್ಕೆ ಹೋಗಿ ಬಂದ ಬೇಟೆಗಾರ ಘೊಂಡನನ್ನೂ ತಾಳ್ಮೆಯಿಂದ ಗುಣಪಡಿಸುತ್ತಾರೆ. ಹೆದರಿದ ಮಗುವಿಗೆ ‘ಹೆದರಬೇಡ’ ಎಂದು ಗದರುವ ನಮ್ಮ ಅಭ್ಯಾಸ ಇಲ್ಲಿಲ್ಲ. ಹೆದರಿಕೆಯೂ ಒಂದು ನೋವು, ಅದಕ್ಕೂ ಆರೈಕೆ ಬೇಕು ಎಂದು ಮಕ್ಕಳಿಗೆ ಇಷ್ಟು ಗಂಭೀರವಾಗಿ ಹೇಳಿದ ಪುಸ್ತಕಗಳು ನನ್ನ ಓದಿನಲ್ಲಿ ಕಡಿಮೆ.

ಪದಕದ ಸುದ್ದಿಯನ್ನಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. 1923ರಲ್ಲಿ ಭಗತ್ ಸಿಂಗ್ ತಿಂಡ್ ಎಂಬವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ಆ ದೇಶದ ಗ್ರಂಥಪಾಲಕರ ಸಂಘ ತನ್ನ ಮಕ್ಕಳಿಗೆ ಆ ವರ್ಷದ ಶ್ರೇಷ್ಠ ಪುಸ್ತಕ ಬರೆದವರೆಂದು ಗೌರವಿಸಿದ ವ್ಯಕ್ತಿಗೆ ಅಲ್ಲಿನ ಪ್ರಜೆಯಾಗುವ ಹಕ್ಕೇ ಇರಲಿಲ್ಲ. ಪದವಿ, ಅಮೆರಿಕನ್ ಹೆಂಡತಿ, ಅಲ್ಲೇ ಹುಟ್ಟಿದ ಮಗ ಯಾವುದೂ ಅದನ್ನು ಬದಲಿಸಲಿಲ್ಲ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಮುಖರ್ಜಿಯವರು ಅದಕ್ಕೆ ಹತ್ತು ವರ್ಷ ಮೊದಲೇ, 1936ರ ಜುಲೈಯಲ್ಲಿ, ನ್ಯೂಯಾರ್ಕಿನಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡಿದ್ದರು. ಆಗ ಅವರಿಗೆ ನಲವತ್ತಾರು ವರ್ಷ. ಇದನ್ನು ಓದಿದಾಗಲೆಲ್ಲ, ಭಯವನ್ನು ಅಷ್ಟು ಹತ್ತಿರದಿಂದ ಬಲ್ಲವರಾಗಿದ್ದರಲ್ಲ ಎಂದು ನನಗೆ ಸಂಕಟವಾಗುತ್ತದೆ.

ನಮ್ಮ ಸುತ್ತಿನ ಶಾಲೆ, ಗ್ರಂಥಾಲಯಗಳಲ್ಲಿ ಅವರ ಒಂದು ಪುಸ್ತಕವೂ ನನಗೆ ಕನ್ನಡದಲ್ಲಿ ಸಿಗಲಿಲ್ಲ. ಈಗ ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಲೇಖಕರು ತೀರಿಕೊಂಡ ನಂತರ ಅರವತ್ತು ವರ್ಷ ಎಂಬ ನಮ್ಮ ಕಾನೂನಿನ ಅವಧಿ ಎಂದೋ ಮುಗಿದಿದೆ. ಯಾರು ಬೇಕಾದರೂ ಅನುವಾದಿಸಿ ಅಚ್ಚು ಹಾಕಿಸಬಹುದು. ಕುವೆಂಪು ಇಂಗ್ಲಿಷ್ ಕವಿತೆಯೊಂದನ್ನು ತುಂಗಾ ತೀರದ ಬೊಮ್ಮನಹಳ್ಳಿಗೆ ಕರೆತಂದು ‘ಕಿಂದರಿಜೋಗಿ’ಯನ್ನು ಕೊಟ್ಟ ನಾಡು ಇದು. ಕಲ್ಕತ್ತದ ಪಾರಿವಾಳವನ್ನು ಇಲ್ಲಿಗೆ ತರುವುದು ಅದಕ್ಕಿಂತ ಕಷ್ಟವೇನಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರ, ಧಾರವಾಡದ ಬಾಲವಿಕಾಸ ಅಕಾಡೆಮಿ ಅಥವಾ ಮಕ್ಕಳ ಪುಸ್ತಕಗಳ ಪ್ರಕಾಶಕರು ಈ ಕೆಲಸ ಕೈಗೆತ್ತಿಕೊಳ್ಳಬೇಕು. ಬೆಲೆ ಕಡಿಮೆ ಇರಲಿ, ಅಕ್ಷರ ದೊಡ್ಡದಾಗಿರಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ತಪ್ಪದೆ ತಲುಪಲಿ. ಅಲ್ಲಿಯವರೆಗೆ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಅಧ್ಯಾಯ ಧಾರಾವಾಹಿಯಾಗಿ ಬಂದರೆ ನನ್ನಂಥವರಿಗೆ ದೊಡ್ಡ ಉಪಕಾರ. ‘ಕರಿ’ಯ ಮೊದಲ ಅಧ್ಯಾಯದ ನನ್ನ ಅನುವಾದವನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ, ತಿದ್ದಿ ಬಳಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ.

— ನಿವೃತ್ತ ಶಿಕ್ಷಕಿ, ಗಾಜನೂರು, ಶಿವಮೊಗ್ಗ ತಾಲ್ಲೂಕು